ಪ್ಲಾಸ್ಟಿಕ್ ಬಿಡಿಸಲು ಹೋದವಳ ಪಾಡು

ಪ್ಲಾಸ್ಟಿಕ್ ಬಿಡಿ ಅಂತ ಜನಕ್ಕೆ ಹೇಳೋ ಕೆಲಸಕ್ಕೆ ಇಳಿದವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ, ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಮೊದಲು ಮೈಯೆಲ್ಲ ಉರಿಯುತ್ತೆ, ನಗು ಬರೋದು ಮನೆಗೆ ಹೋಗಿ ಕಾಫಿ ಕುಡಿದ ಮೇಲೆ.

ನಾನು ಜಯನಗರದ ಕಡೆಯ ಒಂದು ಪಾಲಿಕೆ ಕಚೇರಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಹೆಲ್ತ್ ಅಂದ ಕೂಡಲೇ ಕೆಲವರು ಬಿಪಿ ನೋಡಿ ಮೇಡಂ ಅಂತ ಕೈ ಚಾಚುತ್ತಾರೆ. ನಾನು ನೋಡೋದು ಕಸ, ಮೋರಿ, ಹೋಟೆಲ್ಲಿನ ಅಡುಗೆಮನೆ. ಒಂದು ದಿನ ಮೇಲಿನಿಂದ ಆದೇಶ ಬಂತು. ಊರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಕಚೇರಿಗಳು ಸರಿಯಾಗಬೇಕು, ಒಮ್ಮೆ ಬಳಸಿ ಬಿಸಾಡೋ ಪ್ಲಾಸ್ಟಿಕ್ಕು, ಥರ್ಮಾಕೋಲ್ ಇನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಕಾಣಬಾರದು ಅಂತ. ನಮ್ಮ ಸಾಹೇಬರು ಅದನ್ನು ಓದಿ, ಕನ್ನಡಕದ ಮೇಲಿಂದ ಇಡೀ ಕಚೇರಿ ಒಮ್ಮೆ ನೋಡಿ, "ನೀವೇ ನೋಡ್ಕೊಳ್ಳಿ ಮೇಡಂ, ನಿಮಗೆ ಬಾಯಿ ಇದೆ" ಅಂದರು. ಅದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ಗೊತ್ತಾಗಿಲ್ಲ.

ಸೀಲ್ ಇಲ್ಲದ ನೀರು

ಮೊದಲು ಕೈ ಹಾಕಿದ್ದು ಸಭೆಗಳ ನೀರಿನ ಬಾಟಲಿಗೆ. ಪ್ರತಿ ಕುರ್ಚಿಯ ಮುಂದೂ ಒಂದೊಂದು ಪುಟ್ಟ ಬಾಟಲಿ ಇಡೋದು ನಮ್ಮಲ್ಲಿ ಸಂಪ್ರದಾಯ. ಬಂದವರು ಮುಚ್ಚಳ ತಿರುಗಿಸಿ ಎರಡು ಗುಟುಕು ಕುಡಿದು, ಉಳಿದದ್ದನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ಬೇಸಿಗೆಯಲ್ಲಿ ಇಡೀ ಬಡಾವಣೆ ಟ್ಯಾಂಕರ್‌ಗೆ ಕಾಯುತ್ತಿದ್ದರೆ, ನಾವು ಸಭೆ ಮುಗಿಸಿ ಅರ್ಧರ್ಧ ಬಾಟಲಿ ನೀರನ್ನು ಸಿಂಕಿಗೆ ಸುರಿಯುತ್ತಿದ್ದೆವು. ನೋಡಿ ನೋಡಿ ಹೊಟ್ಟೆ ಉರಿದುಹೋಗಿತ್ತು.

ಸ್ಟೀಲ್ ಜಗ್ಗು, ಸ್ಟೀಲ್ ಲೋಟ ತರಿಸಿದೆ. ಕಚೇರಿಯ ಫಿಲ್ಟರ್‌ನಿಂದ ನೀರು ಹಿಡಿದು ಎಲ್ಲರ ಮುಂದೂ ಇಡಿಸಿದೆ. ಮೇಜು ಎಷ್ಟು ಲಕ್ಷಣವಾಗಿ ಕಾಣುತ್ತಿತ್ತು ಅಂದರೆ, ನಾನೇ ಒಂದು ಫೋಟೋ ತೆಗೆದುಕೊಂಡೆ.

ಆ ದಿನದ ಸಭೆಗೆ ನಮ್ಮ ಭಾಗದ ನಲ್ಲಿಗಳಿಗೆ ನೀರು ಬಿಡುವ ಜವಾಬ್ದಾರಿ ಹೊತ್ತ ಎಂಜಿನಿಯರ್ ಬಂದಿದ್ದರು. ಲೋಟದೊಳಗೆ ಇಣುಕಿ ನೋಡಿ, "ಇದು ಯಾವ ನೀರು ಮೇಡಂ?" ಅಂದರು.

"ನಲ್ಲೀದೇ ಸಾರ್. ಫಿಲ್ಟರ್ ಮಾಡಿದ್ದು."

"ನಲ್ಲೀದಾ!" ಅಂತ ಒಂದೇ ಬೆರಳಲ್ಲಿ ಲೋಟವನ್ನು ಆಚೆ ತಳ್ಳಿದರು. "ಒಂದು ಬಾಟಲಿ ತರಿಸಿಬಿಡಿ. ಸೀಲ್ ಇರೋದು."

ನನಗೆ ತಡೆಯೋಕಾಗಲಿಲ್ಲ. "ಅಲ್ಲ ಸಾರ್, ಮೊನ್ನೆ ಪಾರ್ಕಲ್ಲಿ ಮೈಕ್ ಹಿಡ್ಕೊಂಡು ನೀವೇ ಹೇಳಿದ್ರಲ್ಲ, ನಾವು ಬಿಡೋ ನೀರು ಅಮೃತ ಇದ್ದ ಹಾಗೆ, ಕಣ್ಣು ಮುಚ್ಚಿಕೊಂಡು ಕುಡೀಬಹುದು ಅಂತ?"

ಅವರಿಗೆ ಒಂದು ಚೂರೂ ಬೇಜಾರಾಗಲಿಲ್ಲ. ಸಮಾಧಾನವಾಗಿ ಹೇಳಿದರು: "ಅದು ಪಬ್ಲಿಕ್‌ಗೆ ಮೇಡಂ. ನಾನೇನು ಪಬ್ಲಿಕ್ಕಾ?"

ಪ್ರೀತಿಯ ಕಾಣಿಕೆ

ಬನಶಂಕರಿ ಮಾರ್ಕೆಟ್ಟಿಗೆ ತಪಾಸಣೆಗೆ ಹೋಗಿದ್ದೆ. ಜೊತೆಯಲ್ಲಿ ಪೌರಕಾರ್ಮಿಕರ ಉಸ್ತುವಾರಿ ನೋಡುವ ನಮ್ಮ ಮೇಸ್ತ್ರಿ ಒಬ್ಬರು. ಒಂದು ತರಕಾರಿ ಅಂಗಡಿಯ ಮುಂದೆ ನಿಂತು, "ಪ್ಲಾಸ್ಟಿಕ್ ಕವರ್ ಇಟ್ಟಿದ್ದೀರಾ?" ಅಂತ ಕೇಳಿದೆ.

ಅಂಗಡಿಯವ ಹುರುಳಿಕಾಯಿ ರಾಶಿಯ ಮೇಲೆ ಕೈಯಿಟ್ಟು, "ಬನಶಂಕರಮ್ಮನಾಣೆ ಇಲ್ಲ ಮೇಡಂ. ಬ್ಯಾನ್ ಆದ ದಿನವೇ ಬಿಟ್ಬಿಟ್ಟೆ" ಅಂದ.

ಅಷ್ಟರಲ್ಲಿ ಪಕ್ಕದಿಂದ ಒಬ್ಬರು ಆಂಟಿ, "ಅಣ್ಣಾ, ಸೊಪ್ಪು ಒದ್ದೆ ಇದೆ, ಬೇರೆ ಕವರಲ್ಲಿ ಹಾಕಿ" ಅಂದರು. ಇವನ ಬಾಯಿ ಇನ್ನೂ ಅಮ್ಮನ ಆಣೆ ಮುಗಿಸಿರಲಿಲ್ಲ, ಕೈ ತಾನೇ ತಾನಾಗಿ ಗೋಣಿಚೀಲದ ಕೆಳಗೆ ಹೋಯಿತು, ಒಂದು ಕವರ್ ಎಳೆಯಿತು, ಬಾಯಿ ಹತ್ತಿರ ತಂದಿತು, ಬಾಯಿ ಉಫ್ ಅಂತ ಊದಿತು. ಕವರ್ ಬಲೂನಿನ ಹಾಗೆ ಉಬ್ಬಿಕೊಂಡ ಮೇಲೆ ಇವನಿಗೆ ನನ್ನ ನೆನಪಾಯಿತು. ಹಾಗೇ ಕಲ್ಲಾಗಿ ನಿಂತುಬಿಟ್ಟ.

ಗೋಣಿ ಎತ್ತಿಸಿದರೆ ಕಟ್ಟುಗಟ್ಟಲೆ ಕವರು. ನಾನು ಜಪ್ತಿ ಮಾಡೋಕೆ ಶುರು ಮಾಡಿದರೆ, ಬೈಗುಳ ಬಂದದ್ದು ಅಂಗಡಿಯವನಿಂದಲ್ಲ, ಆಂಟಿಯಿಂದ. "ನಿಮಗೆ ಬೇರೆ ಕೆಲಸ ಇಲ್ವೇನಮ್ಮಾ? ರಸ್ತೆ ಗುಂಡಿ ಮುಚ್ಚೋಕಾಗಲ್ಲ, ಬಡಪಾಯಿ ಹತ್ರ ಕವರ್ ಕಿತ್ಕೊಳ್ಳೋಕೆ ಬರ್ತೀರ!"

"ನೀವು ಬ್ಯಾಗ್ ತಂದಿಲ್ವಾ ಆಂಟಿ?"

"ತಂದಿದ್ದೀನಿ!" ಅಂತ ಕಂಕುಳಲ್ಲಿದ್ದ ಕಸೂತಿ ಹಾಕಿದ ಬಟ್ಟೆ ಬ್ಯಾಗನ್ನು ಮೇಲೆತ್ತಿ ತೋರಿಸಿದರು. "ಹೊಸಾದು. ತರಕಾರಿ ಹಾಕಿದ್ರೆ ಕೊಳೆ ಆಗಲ್ವಾ?"

ಹಲ್ಲು ಕಚ್ಚಿಕೊಂಡು ಕಟ್ಟುಗಳನ್ನು ತಬ್ಬಿಕೊಂಡು ಹೊರಟೆ. ನುಣುಪು ಕವರು, ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತೆ. ಮೇಸ್ತ್ರಿಯ ಕೈಯೂ ತುಂಬಿತ್ತು. ನಮ್ಮ ಗಾಡಿ ನಿಂತಿದ್ದು ಬಸ್ ಸ್ಟ್ಯಾಂಡ್ ಆಚೆ. ನಾನು ಬಗ್ಗಿ ಒಂದನ್ನು ಎತ್ತೋದು, ಎರಡು ಬೀಳೋದು. ಅಂಗಡಿಯವನಿಗೆ ನೋಡಲಾಗಲಿಲ್ಲ. ಓಡಿ ಬಂದು ಒಂದು ದೊಡ್ಡ, ಗಟ್ಟಿ ಪ್ಲಾಸ್ಟಿಕ್ ಕವರ್ ತೆರೆದು ಹಿಡಿದ.

"ಇದಕ್ಕೆ ಹಾಕ್ಕೊಂಡು ಹೋಗಿ ಮೇಡಂ."

ನಾನು ದುರುಗುಟ್ಟಿಕೊಂಡು ನೋಡಿದೆ. ಅವನು ಗಾಬರಿಯಾಗಿ ಹೇಳಿದ: "ಇದನ್ನ ಮಾತ್ರ ಜಪ್ತಿಗೆ ಸೇರಿಸ್ಬೇಡಿ ಮೇಡಂ, ಪ್ರೀತಿಯಿಂದ ಕೊಡ್ತಿರೋದು!"

ಡಬ್ಬಿ ಮೆರವಣಿಗೆ

ಬಿಟಿಎಂನಲ್ಲಿ ಪಿಜಿಗಳ ಸಾಲಿಗೆ ಅಂಟಿಕೊಂಡು ಒಂದು ಹೋಟೆಲ್ಲಿದೆ. ಊಟ ಕಟ್ಟಿಕೊಡೋದೇ ಅವರ ಮುಖ್ಯ ವ್ಯಾಪಾರ. ಗಿರಾಕಿ ಡಬ್ಬಿ ತಂದರೆ ಡಬ್ಬಿಯಲ್ಲೇ ಕೊಡಬೇಕು ಅಂತ ನಾನು ಎಷ್ಟೋ ಸಲ ಹೇಳಿ ಬಂದಿದ್ದೆ. ನಡೀತಿದೆಯಾ ನೋಡೋಣ ಅಂತ ಒಂದು ಮಧ್ಯಾಹ್ನ ಹೋಗಿ ಪಕ್ಕದಲ್ಲಿ ನಿಂತುಕೊಂಡೆ.

ವಿಜಯಪುರದ ಕಡೆಯ ಹುಡುಗ ಒಬ್ಬ ಬಂದ. ಕೊರಳಲ್ಲಿ ಆಫೀಸಿನ ಐಡಿ ಕಾರ್ಡು, ಕೈಯಲ್ಲಿ ಫಳಫಳ ಅನ್ನೋ ಸ್ಟೀಲ್ ಕ್ಯಾರಿಯರ್. ನನಗೆ ಅವನನ್ನು ನೋಡಿ ಮನಸ್ಸು ತುಂಬಿ ಬಂತು. "ಅಣ್ಣಾರ, ಡಬ್ಬಿ ತಂದೀನ್ರಿ. ಇದರಾಗ ಹಾಕ್ರಿ" ಅಂದ.

"ಹಾಕ್ತೀನಿ ಗುರು" ಅಂತ ಕೌಂಟರಿನವ ಕ್ಯಾರಿಯರ್ ಬಿಚ್ಚಿ ಸಾಲಾಗಿ ಇಟ್ಟ. ಆಮೇಲೆ ಕುದಿಯೋ ಸಾಂಬಾರನ್ನು ಒಂದು ಪ್ಲಾಸ್ಟಿಕ್ ಕವರಿಗೆ ಸುರಿದ, ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಹಾಕಿದ, ಆ ಗಂಟನ್ನು ತೆಗೆದು ಡಬ್ಬಿಯೊಳಗೆ ಮಲಗಿಸಿದ. ಪಲ್ಯಕ್ಕೊಂದು ಗಂಟು, ಮೊಸರಿಗೊಂದು ಗಂಟು. ಅನ್ನಕ್ಕೂ ಕೆಳಗೊಂದು ಹಾಳೆ ಹಾಸಿದ.

ನಾನು ಹಾರಿ ಮುಂದೆ ಬಂದೆ. "ಏನ್ರೀ ಇದು!"

ಕೌಂಟರಿನವ ಬೆಚ್ಚಿದರೂ ಸೋಲಲಿಲ್ಲ. "ಡಬ್ಬೀಲೇ ಕೊಡಿ ಅಂತ ನೀವೇ ಹೇಳಿದ್ರಿ ಮೇಡಂ. ಡಬ್ಬೀಲೇ ಅಲ್ವಾ ಕೊಟ್ಟಿರೋದು? ಡಬ್ಬಿ ಗಲೀಜಾಗಬಾರದು ಅಂತ ಸ್ವಲ್ಪ ಸರ್ವೀಸ್."

ಹುಡುಗ ತನ್ನ ಕ್ಯಾರಿಯರ್‌ನೊಳಗೆ ಸಾಲಾಗಿ ಮಲಗಿದ್ದ ಗಂಟುಗಳನ್ನು ನೋಡಿ ಕೇಳಿದ: "ಹಂಗಾದ್ರ ಈ ಡಬ್ಬಿ ಏನ್ ನಾ ಮೆರವಣಿಗಿ ಮಾಡ್ಸಾಕ ತಂದೀನೇನ್ರೀ?"

ಎಂಜಲಾಗದ ತಟ್ಟೆ

ಥರ್ಮಾಕೋಲ್ ತಟ್ಟೆ ನಿಲ್ಲಿಸಬೇಕಾದರೆ ಬೇರೆ ದಾರಿ ತೋರಿಸಬೇಕಲ್ಲ? ಸಾಹೇಬರ ಬೆನ್ನು ಬಿದ್ದು ಕಚೇರಿಯಿಂದ ಒಂದಷ್ಟು ಸ್ಟೀಲ್ ತಟ್ಟೆ, ಬಟ್ಟಲು ಕೊಡಿಸಿಕೊಂಡೆ. ಮನೆಯಲ್ಲಿ ಸಮಾರಂಭ ಇರೋರು ತಗೊಂಡು ಹೋಗಿ, ತೊಳೆದು ತಂದುಕೊಟ್ಟರೆ ಸಾಕು. ಬಾಡಿಗೆ ಇಲ್ಲ, ಏನಿಲ್ಲ.

ಮೊದಲು ತಗೊಂಡು ಹೋದವರು ಜೆ.ಪಿ. ನಗರದ ಒಬ್ಬ ಗೃಹಿಣಿ, ಮಗಳ ಸೀಮಂತಕ್ಕೆ. ನನ್ನನ್ನೂ ಊಟಕ್ಕೆ ಕರೆದರು. ನಮ್ಮ ತಟ್ಟೆಯಲ್ಲಿ ಜನ ಊಟ ಮಾಡೋದನ್ನು ಕಣ್ಣಾರೆ ನೋಡಬೇಕು ಅಂತ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಪಂಕ್ತಿಯಲ್ಲಿ ಕೂತು ನೋಡ್ತೀನಿ, ಪ್ರತಿ ತಟ್ಟೆಗೂ ತೆಳುವಾದ ಪ್ಲಾಸ್ಟಿಕ್ ಹಾಳೆ! ಅಂಚು ಮಡಿಚಿ, ಒಂದು ಸುಕ್ಕಿಲ್ಲದ ಹಾಗೆ, ಪುಸ್ತಕಕ್ಕೆ ಬೈಂಡ್ ಹಾಕಿದಂತೆ ಹಾಕಿದ್ದಾರೆ.

"ಇದ್ಯಾಕೆ ಮೇಡಂ?" ಅಂದೆ.

"ನಿಮ್ಮ ತಟ್ಟೆ ಅಲ್ವಾ, ಜೋಪಾನ ಮಾಡ್ಬೇಕು ಅಂತ" ಅಂದರು ಅವರು, ಅಕ್ಕರೆಯಿಂದ.

ನಾನು ನನ್ನ ತಟ್ಟೆಯ ಹಾಳೆಯನ್ನು ಪರ್ ಅಂತ ಕಿತ್ತು ಪಕ್ಕಕ್ಕಿಟ್ಟೆ. ಅಕ್ಕಪಕ್ಕದವರೆಲ್ಲ ನಾನೇನೋ ಮೈಲಿಗೆ ಮಾಡಿಬಿಟ್ಟೆ ಅನ್ನೋ ಹಾಗೆ ನೋಡಿದರು. ಬರೀ ತಟ್ಟೆಯಲ್ಲೇ ಕೋಸಂಬರಿ, ಚಿತ್ರಾನ್ನ, ಪಾಯಸ ಎಲ್ಲ ಹಟ ಹಿಡಿದು ಉಂಡೆ. ಪಾಯಸ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಮಾರನೆಯ ದಿನ ಅವರು ತಟ್ಟೆ ವಾಪಸ್ ತಂದರು. ಮೇಜಿನ ಮೇಲೆ ಜೋಡಿಸಿಟ್ಟು, ಹೆಮ್ಮೆಯಿಂದ ಹೇಳಿದರು: "ನೋಡ್ಕೊಳ್ಳಿ ಮೇಡಂ, ಒಂದು ತಟ್ಟೆನೂ ಎಂಜಲಾಗಿಲ್ಲ." ಆಮೇಲೆ ಸ್ವಲ್ಪ ಸಂಕೋಚದಿಂದ ದನಿ ತಗ್ಗಿಸಿ, "ನೀವು ಉಂಡಿದ್ದು ಒಂದು ಬಿಟ್ಟು" ಅಂದರು.

ಎರಡು ಅಕ್ಷರ

ಇದೆಲ್ಲ ಒಂದು ತೂಕವಾದರೆ, ನಮ್ಮ ಕಚೇರಿಯದೇ ಸಮಾರಂಭದ ಕಥೆ ಇನ್ನೊಂದು ತೂಕ.

ಜಯನಗರದ ಒಂದು ಮೈದಾನದಲ್ಲಿ ಜಾಗೃತಿ ಕಾರ್ಯಕ್ರಮ. ಫ್ಲೆಕ್ಸ್ ಹಾಕಬಾರದು ಅಂತ ಸ್ಟೇಜ್ ಡೆಕೋರೇಷನ್‌ನವನಿಗೆ ನಾನು ಖುದ್ದಾಗಿ ತಾಕೀತು ಮಾಡಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಹಸಿರು ಬಟ್ಟೆಯ ಪರದೆ, ಅದರ ಮೇಲೆ ಮೊಳದುದ್ದದ ಬಿಳೀ ಅಕ್ಷರಗಳು: "ಥರ್ಮಾಕೋಲ್ ಬೇಡ." ಅನುಮಾನ ಬಂದು ಮುಟ್ಟಿದೆ. ಕಿರ್ರ್ ಅಂತು. ಶುದ್ಧ ಥರ್ಮಾಕೋಲ್!

"ಏನ್ರೀ, ಥರ್ಮಾಕೋಲ್ ಬೇಡ ಅಂತ ಥರ್ಮಾಕೋಲ್‌ನಲ್ಲೇ ಬರೀತಾರಾ?"

"ಫ್ಲೆಕ್ಸ್ ಬೇಡ ಅಂದ್ರಿ ಮೇಡಂ, ಹಾಕಿಲ್ಲ. ಓದೋರಿಗೆ ಅಕ್ಷರ ಯಾವುದರಲ್ಲಿ ಕೊರೆದಿದೆ ಅಂತ ಯಾಕೆ ಬೇಕು?"

ಸಾಹೇಬರ ಹತ್ತಿರ ಓಡಿದೆ. ಅವರು ಗಡಿಯಾರ ನೋಡಿಕೊಂಡು, "ಗೆಸ್ಟ್ ಬರೋ ಹೊತ್ತಾಯ್ತು. ದೂರದಿಂದ ಗೊತ್ತಾಗಲ್ಲ, ಬಿಡಿ ಮೇಡಂ" ಅಂದರು. ಗೊತ್ತಾಗಲೂ ಇಲ್ಲ. ಅತಿಥಿಗಳು ಬಂದರು, ಆ ಅಕ್ಷರಗಳ ಮುಂದೆಯೇ ನಿಂತು ಥರ್ಮಾಕೋಲ್ ಭೂಮಿಗೆ ಭಾರ ಅಂತ ಭಾಷಣ ಮಾಡಿದರು. ನಾನು ಹಿಂದಿನ ಸಾಲಲ್ಲಿ ಕೂತು ಕುದ್ದುಹೋದೆ.

ಸಂಜೆ ಸ್ಟೇಜ್ ಬಿಚ್ಚಿದವರು ಬಟ್ಟೆ, ಕಂಬ, ಕುರ್ಚಿ ಎಲ್ಲ ಲಾರಿಗೆ ಹಾಕಿಕೊಂಡು, ಅಕ್ಷರಗಳನ್ನು ಮಾತ್ರ ತೆರೆದ ಮೋರಿ ಬದಿಯ ಗೋಡೆಗೆ ಒರಗಿಸಿ ಹೋಗಿದ್ದರು. ಅವರು ಹೋದ ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು, ಸುರಿಯಿತು ಅಂದರೆ ಸುರಿಯಿತು.

ಮಾರನೆಯ ದಿನ ಬೆಳಗಾಗುತ್ತಲೇ ಫೋನು. ಮೈದಾನದ ಕೆಳಗಿನ ರಸ್ತೆಯ ಮನೆಗಳಿಗೆ ನೀರು ನುಗ್ಗಿತ್ತು. ನಾನು ಹೋದಾಗ ಮೊಣಕಾಲುದ್ದ ನೀರು, ಜನ ಬಕೆಟ್ಟಲ್ಲಿ ಮೊಗೆದು ಹಾಕುತ್ತಿದ್ದರು. ಒಂಟಿಯಾಗಿರುವ ಒಬ್ಬ ಅಜ್ಜಿ ನೆನೆದು ತೊಪ್ಪೆಯಾದ ಹಾಸಿಗೆಯನ್ನು ಕಾಂಪೌಂಡ್ ಮೇಲೆ ಹಾಕಿ, ಅಕ್ಕಿ ಡಬ್ಬ ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ನೋಡಿ ಬೈಯಲಿಲ್ಲ. "ನಿನ್ನೆ ಅಷ್ಟು ಜೋರಾಗಿ ಮೈಕಲ್ಲಿ ಹೇಳಿದ್ರಲ್ಲಮ್ಮಾ, ಮೋರಿಗೆ ಕೇಳಿಸ್ಲಿಲ್ವಾ?" ಅಂದರು. ಬೈದಿದ್ದರೇ ವಾಸಿಯಿತ್ತು. ಅಜ್ಜಿಯ ಕೈಯಿಂದ ಡಬ್ಬ ಇಸಕೊಂಡು ಮೇಲಿನ ಮನೆಗೆ ಸಾಗಿಸಿದೆ, ಕೆಳಗಿಳಿದು ಬಂದು ಸಾಹೇಬರಿಗೆ ಫೋನ್ ಮಾಡಿ, "ಈಗಲೇ ಬರಬೇಕು ಸಾರ್, ನೀವೇ ಬರಬೇಕು" ಅಂದೆ. ನನ್ನ ದನಿ ಕೇಳಿ ಅವರು ಯಾಕೆ ಅಂತಲೂ ಕೇಳಲಿಲ್ಲ.

ಅವರು ಬಂದು ಪ್ಯಾಂಟ್ ಮಡಿಚಿಕೊಂಡು ನಿಲ್ಲೋ ಹೊತ್ತಿಗೆ, ನಮ್ಮ ಕೆಲಸದವರು ಮಳೆನೀರಿನ ಮೋರಿಯ ಚಪ್ಪಡಿ ಸರಿಸಿ ಉದ್ದನೆ ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಮೊದಲು ಬಂದದ್ದು "ಕೋ". ಆಮೇಲೆ "ಥ". ಬಂದ ಅಕ್ಷರವನ್ನೆಲ್ಲ ರಸ್ತೆಯ ಜನ ಎತ್ತಿ ಕಾಂಪೌಂಡಿಗೆ ಸಾಲಾಗಿ ಒರಗಿಸುತ್ತಾ ಹೋದರು. ಕೆಸರು ಮೆತ್ತಿಕೊಂಡು "ಥರ್ಮಾಕೋಲ್" ಅನ್ನೋದು ಪೂರ್ತಿಯಾಗಿ ನಿಂತಿತು. ಒಬ್ಬರು ಮೊಬೈಲಲ್ಲಿ ವಿಡಿಯೋ ಮಾಡತೊಡಗಿದರು. ಸಾಹೇಬರ ಮುಖ ಕೆಂಪಾಗಿ, ಕಪ್ಪಾಗಿ, ಆಮೇಲೆ ಯಾವ ಬಣ್ಣವೂ ಉಳಿಯಲಿಲ್ಲ. ನೀರು ಮಾತ್ರ ಒಂದು ಇಂಚೂ ಇಳಿಯಲಿಲ್ಲ.

"ಇನ್ನೇನಯ್ಯಾ ಅಡ್ಡ ಇದೆ?" ಅಂತ ಕೂಗಿದರು.

ಮೋರಿಯ ಮೇಲೆ ಬಗ್ಗಿದ್ದ ಕೆಲಸದವ ತಲೆ ಎತ್ತಿ, "ಬೇಡ, ಸಾರ್" ಅಂದ.

"ಬೇಡ ಅಂದ್ರೆ ಹೇಗಯ್ಯಾ? ಜನ ನೀರಲ್ಲಿ ನಿಂತಿದ್ದಾರೆ. ತೆಗಿ!"

"ಅದೇ ಸಾರ್, ಬೇಡ ತೆಗೀಬೇಕು."

"ತೆಗೀಬೇಕೋ, ಬೇಡ್ವೋ? ಸರಿಯಾಗಿ ಹೇಳು!"

"ತೆಗೀಬೇಕು ಸಾರ್. ಬೇಡ."

ಸಾಹೇಬರಿಗೆ ತಾಳ್ಮೆ ಕೆಟ್ಟುಹೋಯಿತು. ನೀರಲ್ಲೇ ಕಾಲು ಅಪ್ಪಳಿಸಿ, ಇಡೀ ರಸ್ತೆಗೆ ಕೇಳೋ ಹಾಗೆ ಕಿರುಚಿದರು: "ಬೇಡ ಬೇಡ ಅಂತೀಯಲ್ಲ, ಬೇಡ ಅಂತ ನಿನಗೆ ಯಾರಯ್ಯಾ ಹೇಳಿದ್ದು?"

ಕೆಲಸದವ ಕೊಕ್ಕೆಯನ್ನು ಜೋರಾಗಿ ಜಗ್ಗಿದ. ಒಂದಕ್ಕೊಂದು ಸಿಕ್ಕಿಕೊಂಡಿದ್ದ "ಬೇ" ಮತ್ತು "ಡ" ಒಟ್ಟಿಗೇ ಮೇಲೆ ಬಂದವು. ಮೋರಿಯೊಳಗೆ ನೀರು ಗುಳುಗುಳು ಅಂತ ಇಳಿಯತೊಡಗಿತು. ಅವನು ಎರಡೂ ಅಕ್ಷರಗಳನ್ನು ಸಾಹೇಬರ ಮುಖದ ಮುಂದೆ ಎತ್ತಿ ಹಿಡಿದು ಹೇಳಿದ:

"ನೀವೇ ಸಾರ್. ನಿನ್ನೆ."