ಮಸಿ ಗೋಡೆಯ ಮೇಲಿನ ಬೆಳಕು

ಡ್ರಾಯಿಂಗ್ ಮೇಷ್ಟರಿಗೆ ಹೆಣ್ಣು ಕೊಡುವವರು ಒಂದು ವಿಷಯವನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಈ ಪ್ರಾಣಿ ತಟ್ಟೆಯಲ್ಲಿರುವ ಮುದ್ದೆಯನ್ನು ನೋಡುವುದಿಲ್ಲ. ಮುದ್ದೆಯ ಯಾವ ಮಗ್ಗುಲಿಗೆ ಬೆಳಕು ಬಿದ್ದಿದೆ, ಯಾವ ಮಗ್ಗುಲಿಗೆ ನೆರಳಿದೆ ಎಂದು ನೋಡುತ್ತದೆ. ಅಷ್ಟರಲ್ಲಿ ಮುದ್ದೆ ಆರಿರುತ್ತದೆ. ಹೊನ್ನವಳ್ಳಿಯಲ್ಲಿ ಮೇಷ್ಟರಾಗಿದ್ದಾಗ ನಾನು ಮಕ್ಕಳಿಗೆ, "ಕಪ್ಪನ್ನು ಸರಿಯಾಗಿ ಹಚ್ಚಿ, ಬೆಳಕು ತಾನಾಗಿ ಬರುತ್ತದೆ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಆ ಮಾತು ಎಷ್ಟು ನಿಜವೆಂದು ನನಗೇ ಗೊತ್ತಾದದ್ದು ನಮ್ಮ ಅಡುಗೆಮನೆಯಲ್ಲಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬಾಡಿಗೆಯ ಹೆಂಚಿನ ಮನೆ. ಒಲೆಗೆ ತೆಂಗಿನ ಕರಟ, ಮಟ್ಟೆ, ಗರಿ. ನಮ್ಮ ಸೀಮೆಯಲ್ಲಿ ಅದಕ್ಕೇನು ಬರವೇ? ವರ್ಷಗಟ್ಟಲೆ ಹೊಗೆ ಕುಡಿದ ಗೋಡೆ ದೋಸೆ ಕಾವಲಿಯಂತೆ ಕರ್ರಗೆ ಮಿನುಗುತ್ತಿತ್ತು. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು, ಅದೂ ಧೂಳು ಮೆತ್ತಿಕೊಂಡಿದ್ದು. ಬೆಳಿಗ್ಗೆ ಅದರಿಂದ ಜೇನುಬಣ್ಣದ ಒಂದು ಕೋಲು ಬೆಳಕು ಓರೆಯಾಗಿ ಇಳಿದು, ಕಾಯಿ ತುರಿಯುತ್ತ ಕೂತ ನನ್ನ ಹೆಂಡತಿ ಶಾರದೆಯ ಮೇಲೆ ಬೀಳುತ್ತಿತ್ತು. ಆ ಕಪ್ಪಿನ ಮುಂದೆ ಬಿಳಿಯ ತುರಿ, ಕೆಂಪು ಕುಂಕುಮ, ಅಂಚಿನಲ್ಲಿ ಮಾತ್ರ ಹೊಳೆಯುವ ಕೆನ್ನೆ. ಒಂದು ದಿನ ನಾನು ಕಾಫಿ ಲೋಟ ಹಿಡಿದು ನಿಂತೇಬಿಟ್ಟೆ.

"ಯಾಕ್ರೀ ಹಂಗ್ ನಿಂತ್ರಿ? ಸಕ್ಕರೆ ಸಾಲ್ದಾ?"

"ನಿನ್ನ ಚಿತ್ರ ಬರೀತೀನಿ ಕಣೇ" ಎಂದೆ.

ಅವಳ ಮುಖ ಅರಳಿತು. ಊರಿನ ದನ, ತಿಪ್ಪೆ, ಮುರುಕು ಗಾಡಿ ಎಲ್ಲವನ್ನೂ ಬರೆದ ಗಂಡ ತನ್ನನ್ನು ಒಮ್ಮೆಯೂ ಬರೆದಿಲ್ಲ ಎಂಬ ಕೊರಗು ಅವಳಿಗಿತ್ತೆಂದು ನನಗೆ ತಿಳಿದದ್ದೇ ಆಗ.

ಭಾನುವಾರಗಳಂದು ಕೆಲಸ ಸಾಗಿತು. ಅವಳು ಅಲ್ಲಾಡದೆ ಕೂತರೆ ಸಾರು ಉಕ್ಕುತ್ತಿತ್ತು. ಸಾರು ಇಳಿಸಿ ಬರುವಷ್ಟರಲ್ಲಿ ಬೆಳಕು ಜರುಗಿರುತ್ತಿತ್ತು. ಮೊದಲು ಗೋಡೆ ಬರೆದೆ. ಅದಕ್ಕೆ ಬರೀ ಕಪ್ಪು ಸಾಲದೆಂದು ನೀಲಿ, ಕಂದು ಬೆರೆಸಿ ಒದ್ದಾಡಿದೆ. ಆಮೇಲೆ ಬೆಳಕಿನ ಕೋಲು, ಅದರೊಳಗೆ ಸುತ್ತುವ ಹೊಗೆ, ಕಾಯಿ ತುರಿ, ಸೆರಗು.

"ನನ್ ಮುಖ ಯಾವಾಗ್ರೀ ಬರೆಯೋದು?"

"ಮುಖ ಎಲ್ಲಿಗೂ ಓಡೋಗಲ್ಲ ಸುಮ್ನಿರು. ಬೆಳಕು ಓಡೋಗುತ್ತೆ."

ಕೊನೆಗೆ ಮುಖದ ಸರದಿ ಬಂತು. ಹಿಂದಿನ ದಿನ ಪರೀಕ್ಷೆ ಕೆಲಸಕ್ಕೆ ತುರುವೇಕೆರೆಗೆ ಹೋದವನು ಭಾನುವಾರ ಮೊದಲ ಬಸ್ಸಿಗೇ ಓಡಿಬಂದೆ. ಅಡುಗೆಮನೆ ಬಾಗಿಲಲ್ಲಿ ಕಣ್ಣು ಕುಕ್ಕಿತು. ಶಾರದೆಯೂ ಪಕ್ಕದ ಮನೆಯ ರಂಗಮ್ಮನೂ ಸೇರಿ ಗೋಡೆಯ ಮಸಿ ಕೆರೆದು, ನೀಲಿ ಬೆರೆಸಿದ ಸುಣ್ಣ ಬಳಿದಿದ್ದರು. ಗಾಜಿನ ಹೆಂಚನ್ನೂ ಸೀಗೆಪುಡಿ ಹಾಕಿ ತೊಳೆದಿದ್ದರು. ಬೆಳಕು ಎಲ್ಲೆಲ್ಲೂ ಹರಡಿ, ನನ್ನ ಕೋಲು ಬೆಳಕು ಮಾಯವಾಗಿತ್ತು. ಮಧ್ಯೆ ಶಾರದೆ ಧಾರೆ ಸೀರೆಯುಟ್ಟು, ಪೌಡರ್ ಬಳಿದುಕೊಂಡು, ಕನಕಾಂಬರ ಮುಡಿದು ನೆಟ್ಟಗೆ ಕೂತಿದ್ದಳು.

"ಎಲ್ಲಾ ಹಾಳು ಮಾಡಿದೆಯಲ್ಲೇ!" ಎಂದು ಕಿರುಚಿದೆ.

"ನಾಲ್ಕು ಜನ ನೋಡೋ ಚಿತ್ರ ಕಣ್ರೀ. ಮಸಿ ಗೋಡೆ ತೋರಿಸಿದ್ರೆ ನನ್ನ ಏನಂದ್ಕೊತಾರೆ?" ಎಂದವಳು, ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ನೀವು ಬರೀತಿದ್ದಿದ್ದು ನನ್ನಾ, ಗೋಡೇನಾ?"

ನಾನು ತಲೆಯೆತ್ತಿ ತೊಳೆದ ಗಾಜಿನ ಹೆಂಚನ್ನೇ ನೋಡಿದೆ. ಅವಳು ಎದ್ದುಹೋಗಿ ಸೀರೆ ಬದಲಾಯಿಸಿ ಬಂದು ಒಲೆ ಹೊತ್ತಿಸಿದಳು. ಆ ಪೌಡರ್ ಮುಖವನ್ನೇ ಅವತ್ತು ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಈಗ ಹಾಗನ್ನಿಸುತ್ತದೆ. ಆಗ ಮಾತ್ರ ನಾನು ಮಾಡಿದ್ದೇನು ಗೊತ್ತೇ? ಗೋಡೆ ಮತ್ತೆ ಕಪ್ಪಾಗಲೆಂದು ಕಾಯುತ್ತ ಕೂತೆ. ಹಸಿ ಮಟ್ಟೆ ತಂದು ಒಲೆಯ ಹತ್ತಿರ ಇಟ್ಟದ್ದೂ ಉಂಟು. ಶಾರದೆ ಕೆಮ್ಮಿ ಕೆಮ್ಮಿ ಅದನ್ನು ಹಿತ್ತಲಿಗೆಸೆದಳು. ಗೋಡೆ ಇನ್ನೇನು ಹದಕ್ಕೆ ಬಂತು ಎನ್ನುವಾಗ ತಿಪಟೂರಿನಲ್ಲಿ ಮನೆ ಮಾಡಿದೆವು, ಗ್ಯಾಸ್ ಒಲೆ ಬಂತು. ಅದರ ನೀಲಿ ಉರಿಗೆ ಮಸಿಯ ಗೊಡವೆಯೇ ಇಲ್ಲ.

ಆ ಚಿತ್ರ ಈಗ ನಡುಮನೆಯಲ್ಲಿದೆ. "ಆಹಾ, ಏನು ಬೆಳಕು ಮೇಷ್ಟ್ರೇ!" ಎನ್ನುತ್ತಾರೆ ಬಂದವರು. "ಆಯಮ್ಮ ಯಾರು?" ಎಂದೂ ಕೇಳುತ್ತಾರೆ. ಮುಖವಿರಬೇಕಾದ ಕಡೆ ಬರೀ ಕಂದು ಬಣ್ಣ. ಮೊನ್ನೆ ಮನಸ್ಸು ತಡೆಯದೆ, ನೆನಪಿನಿಂದಲೇ ತುಂಬಿಬಿಡೋಣವೆಂದು ಕುಂಚ ಹಿಡಿದೆ. ಮೂಗುಬೊಟ್ಟಿನ ಮೇಲೆ ಬೆಳಕು ಹೇಗೆ ಮಿಂಚುತ್ತದೆಂದು ಚೆನ್ನಾಗಿ ಗೊತ್ತು. ಮೂಗುಬೊಟ್ಟು ಎಡಗಡೆಗೋ ಬಲಗಡೆಗೋ ಎಂಬುದು ಮಾತ್ರ ಗೊತ್ತಾಗಲಿಲ್ಲ. ಶಾರದೆ ಒಳಗೆ ಕಾಯಿ ತುರಿಯುತ್ತಿದ್ದಳು. ಎದ್ದುಹೋಗಿ ನೋಡಿದ್ದರೆ ಆಗುತ್ತಿತ್ತು. ಆದರೆ ಅವಳು ತಲೆಯೆತ್ತಿ, "ಏನ್ರೀ ಹಂಗ್ ನೋಡ್ತೀರಾ?" ಎಂದು ಕೇಳಿದರೆ ಏನು ಹೇಳಲಿ? ಕುಂಚ ತೊಳೆದಿಟ್ಟೆ.