ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಬಿಡಾರ ಹೂಡಿರುವ ಇಲಿಯವರಿಗೆ

ಮಾನ್ಯ ಮೂಷಕರಾಯರೇ,

ಸಿಂಧನೂರಿನ ಅಕ್ಕಿ ದಲಾಲ ಸೂಗಪ್ಪನು ಎರಡೂ ಕೈ ಮುಗಿದು, ಮೊಣಕಾಲೂರಿ, ತಮ್ಮ ನಿವಾಸದ ಹೆಬ್ಬಾಗಿಲಾದ ಸೀಟಿನ ತೂತಿಗೆ ಮುಖವಿಟ್ಟು ಮಾಡಿಕೊಳ್ಳುವ ವಿಜ್ಞಾಪನೆ. ತಾವು ಸಕುಟುಂಬ ಕ್ಷೇಮವೆಂದು ಬಲ್ಲೆ. ಕಾರಿನ ವೈರುಗಳನ್ನು ನೋಡಿದ ಯಾರಿಗೂ ತಮ್ಮ ಹಲ್ಲಿನ ಆರೋಗ್ಯದ ಬಗ್ಗೆ ಅನುಮಾನ ಉಳಿಯುವುದಿಲ್ಲ. ಇದನ್ನು ಬಹಿರಂಗವಾಗಿ ಬರೆಯಲು ಕಾರಣ, ಖಾಸಗಿಯಾಗಿ ಬರೆದು ಸೀಟಿನ ಮೇಲಿಟ್ಟ ಹಿಂದಿನ ಪತ್ರವನ್ನು ತಾವು ಓದದೆಯೇ ತಿಂದುಬಿಟ್ಟಿದ್ದು.

ತಮಗೆ ಗೊತ್ತಿರುವ ಸಂಗತಿಯೇ ಆದರೂ ಓದುವ ನಾಲ್ಕು ಜನರಿಗಾಗಿ ಹೇಳುತ್ತೇನೆ. ಅಕ್ಕಿ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುತ್ತ ಬದುಕು ಶುರು ಮಾಡಿದ ನಾನು, ಆಗಿನ ಮಾಲಕರ ಕೈಕಾಲು ಹಿಡಿದು ಅವರ ಈ ಅಂಬಾಸಿಡರನ್ನು ಒಂದು ದಿನದ ಮಟ್ಟಿಗೆ ಪಡೆದು, ಲಿಂಗಸುಗೂರಿನಲ್ಲಿ ಉಮಾದೇವಿಯನ್ನು ಮದುವೆಯಾಗಿ, ಇದೇ ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ಮಸ್ಕಿಯ ಮೇಲೆ ಹಾಯ್ದು ಊರಿಗೆ ಬಂದೆ. ಇಳಿದು ನೋಡಿದರೆ ಹಣೆಗೆ ಕಟ್ಟಿದ್ದ ಬಾಸಿಂಗವಿಲ್ಲ. ಮನೆಯಲ್ಲಿ ಜೋಪಾನವಾಗಿ ಕಟ್ಟಿಡಬೇಕಾದ ಮದುವೆಯ ಬಾಸಿಂಗವನ್ನು ದಾರಿಯಲ್ಲೇ ಕಳೆದುಕೊಂಡ ಮದುಮಗ ಎಂಬ ಬಿರುದು ಅಂದಿನಿಂದ ನನ್ನ ಬೆನ್ನಿಗಿದೆ. ಅಂಗಡಿ ಹಾಕುವಾಗ, ಹೊಲ ಹಿಡಿಯುವಾಗ, ಕಡೆಗೆ ಕೊತ್ತಂಬರಿ ತರಲು ಹೊರಟಾಗಲೂ ನನ್ನ ಮನೆಯವಳದು ಒಂದೇ ಮಾತು: “ಹಣಿ ಮ್ಯಾಲಿನ ಬಾಸಿಂಗನ ಉಳಿಸ್ಕೊಳ್ಳಾಕ ಆಗಲಿಲ್ಲ ನಿಮಗ, ಇನ್ನ ಇದನ್ನ ಸುದ್ದ ತರ್ತೀರೇನು?”

ಮುಂದೆ ಮಿಲ್ಲು ಮುಚ್ಚಿತು. ಗೊರೇಬಾಳದಲ್ಲಿ ಅದರ ಗೋದಾಮಿನ ಹೊಟ್ಟಿನಡಿ ಮಲಗಿದ್ದ ಅದೇ ಕಾರನ್ನು ನಾನು ಕೊಂಡೆ. ಮದುವೆಯ ಕಾರಿನಲ್ಲಿಯೇ ಹೆಂಡತಿಯನ್ನು ತವರಿಗೆ ಕರೆದೊಯ್ದು, ಲಿಂಗಸುಗೂರಿನ ಹಳೇ ವಾಹನಗಳ ಮೇಳದಲ್ಲಿ ‘ಮೂಲಸ್ವರೂಪದ ಗಾಡಿ’ ಎಂಬ ಸರ್ಟಿಫಿಕೇಟು ಪಡೆದು ಅತ್ತೆಯ ಮನೆಯವರ ಮುಂದೆ ಅಲ್ಲಾಡಿಸಬೇಕೆಂಬುದು ನನ್ನ ಆಸೆ. ಮಸ್ಕಿಯ ಮೆಕ್ಯಾನಿಕ್ ದಾವಲ್‌ಸಾಬ್ ಒಂದು ಕಾರಿನ ಬಾಗಿಲು, ಇನ್ನೊಂದರ ಬಾನೆಟ್ಟು, ಮತ್ತೊಂದರ ಎಂಜಿನ್ನು ತಂದು, ಎಲ್ಲವೂ ಅಸಲಿ ಅಂಬಾಸಿಡರಿನವೇ ಎಂದು ದೇವರಾಣೆ ಮಾಡಿ ಜೋಡಿಸಿದ. ಉಮಾದೇವಿ ಬಂದು ಬಾಗಿಲನ್ನು ಒಮ್ಮೆ ತೆಗೆದು ಹಾಕಿ, “ಇದು ಆ ಕಾರ್ ಅಲ್ಲ ತಗೀರಿ. ಅದರ ಬಾಗಲ ಇಷ್ಟು ಮೆತ್ತಗ ಬೀಳ್ತಿರಲಿಲ್ಲ. ನಾ ಬಸ್ಸಿಗೆ ಹೊಕ್ಕೀನಿ,” ಎಂದು ತೀರ್ಪು ಕೊಟ್ಟಳು.

ಉಳಿದದ್ದು ಸೀಟು. ಆ ಕಾಲದ ಗಿಳಿಹಸಿರು ಬಟ್ಟೆ ಎಲ್ಲೂ ಸಿಗಲಿಲ್ಲ. ದಾವಲ್‌ಸಾಬನದು ಅದಕ್ಕೂ ಒಂದು ಉಪಾಯ: “ಸಾಹುಕಾರ, ಹೊಸ ಬಟ್ಟಿಗಿ ಚಲೋತ್ನಂಗ ಚಾ ಕುಡಿಸಿ ಬಿಸಲಿಗೆ ಹಾಕಿದ್ರ ಆತು, ನಿಮ್ಮಪ್ಪನ ಕಾಲದ್ದು ಆಗತೈತಿ!” ಹೊಸ ಅಕ್ಕಿಗೆ ಹಬೆ ಕೊಟ್ಟು ಹಳೇ ಅಕ್ಕಿಯ ಅನ್ನದಂತೆ ಉದುರುದುರು ಮಾಡುವ ಊರಿನವನಾದ ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ; ಹಳೇ ಸೀಟನ್ನು ಬಿಚ್ಚದೆ ಮೇಲಿಂದಲೇ ಆ ಬಟ್ಟೆ ಹೊದಿಸಿಬಿಟ್ಟೆವು. ಆದರೆ ಅಕ್ಕಿಯ ಚೀಲದ ಮೇಲೆ ‘ಹಬೆ ಅಕ್ಕಿ’ ಎಂದು ಬರೆದೇ ಮಾರುತ್ತೇವೆ, ಅಕ್ಷರ ಸ್ವಲ್ಪ ಸಣ್ಣವಿರಬಹುದು. ಸೀಟಿನ ಮೇಲೆ ಮಾತ್ರ ‘ಚಹಾ ಸೀಟು’ ಎಂದು ನಾನು ಎಲ್ಲೂ ಬರೆಯಲಿಲ್ಲ. ಈ ವ್ಯತ್ಯಾಸವನ್ನು ಪೇಟೆಯಲ್ಲಿ ಯಾರೂ ಎತ್ತಿ ತೋರಿಸಲಿಲ್ಲ. ತೋರಿಸಿದವರು ತಾವೊಬ್ಬರೇ.

ಮೇಳದ ಪರೀಕ್ಷಕರಾದ ಅನಿಲಕುಮಾರ ಅವರು ಮನೆಗೇ ಬಂದು, ಭೂತಗನ್ನಡಿ ಹಿಡಿದು ಕಾರನ್ನು ಸುತ್ತಿ, ಇನ್ನೇನು ಸಹಿ ಹಾಕಬೇಕು ಎನ್ನುವಾಗ ತಾವು ನನ್ನ ಚಹಾ ಸೀಟನ್ನು ಒಳಗಿನಿಂದ ಕಡಿದು, ತೂತಿನಲ್ಲಿ ಮೀಸೆ ತೋರಿಸಿ, ಗಣ್ಯರನ್ನು ಸ್ವಾಗತಿಸುವ ಸೌಜನ್ಯ ಮೆರೆದಿರಿ. ಅವರು ಕೈಹಾಕಿ ಎಳೆದರೆ ತಮ್ಮ ಹಿರಿಯರು ಕಟ್ಟಿ ಉಳಿಸಿದ ಗೂಡು ಇಡಿಯಾಗಿ ಹೊರಬಂತು: ಗಿಳಿಹಸಿರು ಬಟ್ಟೆಯ ಚೂರು, ತೆಂಗಿನ ನಾರು, ಹೊಟ್ಟು. ಅನಿಲಕುಮಾರ ಅವರು ಸರ್ಟಿಫಿಕೇಟನ್ನು ಮಡಚಿ ಕಿಸೆಗಿಟ್ಟು, “ಸೂಗಪ್ಪನವರ, ಈ ಗಾಡಿಯಾಗ ಅಸಲಿ ಅಂದ್ರ ಇಲಿ ಗೂಡೊಂದಾ ನೋಡ್ರಿ,” ಎಂದರು.

ನಾನು ತಮ್ಮ ಮೇಲೆ ಚಪ್ಪಲಿ ಎತ್ತಿದ್ದು ನಿಜ. ಬೀಸದೆ ನಿಂತದ್ದು ಉಮಾದೇವಿಯ ಉಸಿರು ಕೇಳಿ. ಅವಳು ಗೂಡಿನೊಳಗಿಂದ ಮುಕ್ಕಾದ ಬೆಂಡು, ಜರಿಯ ಎಳೆ, ಒಂದೆರಡು ಗಾಜಿನ ಮುತ್ತುಗಳನ್ನು ಆರಿಸಿ ಸೆರಗಿನಲ್ಲಿ ಹಿಡಿದು ನಿಂತಿದ್ದಳು. ನನ್ನ ಬಾಸಿಂಗ! ಸೀಟಿನ ಸಂದಿಗೆ ಜಾರಿದ್ದನ್ನು ತಮ್ಮ ಮನೆತನ ತಲೆಮಾರುಗಳ ಕಾಲ ಮರಿಗಳಿಗೆ ಹಾಸಿಗೆಯಾಗಿ ಇಟ್ಟುಕೊಂಡಿತ್ತು. ಅವಳು ಅದನ್ನೆಲ್ಲ ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಕಾರ್ ಅದಾ ಐತಿ. ನಡೀರಿ ನಮ್ಮೂರಿಗೆ,” ಎಂದಳು. ನಾನು ಹಿಗ್ಗಿ ತೂತು ಮುಚ್ಚಲು ಗೋಣಿದಾರ ಸೂಜಿ ತರುವಷ್ಟರಲ್ಲಿ ಎರಡನೆಯ ಹುಕುಂ ಬಂತು: “ಆ ಇಲಿ ಮೈ ಮುಟ್ಟಬ್ಯಾಡ್ರಿ ಮತ್ತ. ನೀವು ಕಳದಿದ್ದನ್ನ ಅದು ಇಟ್ಕೊಂಡೈತಿ.”

ಹೀಗಾಗಿ, ಪೂಜ್ಯರೇ, ಜಮಾ ಬದಿಗೆ ಹೆಂಡತಿ, ಖರ್ಚು ಬದಿಗೆ ಸರ್ಟಿಫಿಕೇಟು ಮತ್ತು ಹಿಂದಿನ ಸೀಟು. ತಮ್ಮಂಥ ಪ್ರಾಮಾಣಿಕ ದುರಸ್ತಿಗಾರರನ್ನು ನಾನು ಕಂಡಿಲ್ಲ. ಹೊರಗಿನ ಒಂದು ಚೂರನ್ನೂ ಅಂಟಿಸದೆ, ಹಳೆಯದನ್ನು ಹಳೆಯದಾಗಿಯೇ ಉಳಿಸಿದಿರಿ, ಮುಕ್ಕಾಲು ಭಾಗ ಹೊಟ್ಟೆಯಲ್ಲಿ ಎಂಬುದು ಬೇರೆ ಮಾತು. ಅದಕ್ಕೆಂದೇ ಬೇಡುತ್ತೇನೆ: ದಯಮಾಡಿ ಬ್ರೇಕಿನ ಪೈಪನ್ನು ಬಿಟ್ಟುಕೊಡಿ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಾರ್ನು ಬಡಿಯುವ ಹಾಗೆ ತಾವು ಮಾಡಿರುವ ವೈರಿಂಗನ್ನು ನಾವು ಲಿಂಗಸುಗೂರಿಗೆ ಹೊರಡುವ ಬರುವ ಭಾನುವಾರದೊಳಗೆ ತಾವೇ ಸರಿಪಡಿಸಿ. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲುತ್ತೇವೆ. ಸೀಟಿಗೆ ಕುಡಿಸಿ ಉಳಿದರೆ ತಮಗೂ ಒಂದು ಗುಟುಕು. ಅತ್ತೆಯ ಮನೆ ಮುಟ್ಟಿದಾಗ ತಾವು ಕಿಟಕಿಯಲ್ಲಿ ಒಮ್ಮೆ ಮುಖ ತೋರಿಸಿ, ಬಾಸಿಂಗ ಕಳೆದದ್ದು ಅಳಿಯನಿಂದಲ್ಲ ಎಂದು ಸಾಕ್ಷಿ ನುಡಿದರೆ, ಈ ಜನ್ಮದಲ್ಲಿ ನನಗೆ ಬೇರೆ ಸರ್ಟಿಫಿಕೇಟು ಬೇಡ.

ತಮ್ಮ ವಿಶ್ವಾಸಿಯೂ, ತಾವು ಹಿಂದೆ ಕೂತಿರುವ ತನಕ ತಮ್ಮ ಡ್ರೈವರನೂ ಆದ,
ಸೂಗಪ್ಪ
ಸಿಂಧನೂರು

ತಾ.ಕ.: ಬಳಗಾನೂರಿನಿಂದ ಒಂದು ಬೆಕ್ಕನ್ನು ತರಿಸಿದ್ದೇನೆ. ಮೊಮ್ಮಕ್ಕಳ ಆಟಕ್ಕೆ ಎಂದು ಉಮಾದೇವಿಗೆ ಹೇಳಿದ್ದೇನೆ. ಬೆಕ್ಕಿನ ಯಾವ ಭಾಗವನ್ನೂ ಬದಲಿಸಿಲ್ಲ. ಹಲ್ಲುಗಳಂತೂ ಪೂರ್ತಿ ಅಸಲಿ. ಬೇಕಾದರೆ ತಾವೇ ಹೊರಗೆ ಬಂದು ಪರೀಕ್ಷಿಸಬಹುದು.