ಎಂಟು ಅಡಿ ಏಳು ಅಡಿಯ ಕೋಣೆ

ಮುಸ್ತಫಾ ಮೇಸ್ತ್ರಿ ಆ ಪ್ರಶ್ನೆಯನ್ನು ಸ್ವಲ್ಪ ಮೆಲ್ಲಗೆ ಕೇಳಿದ್ದರೆ ಶಿವರಾಜನಿಗೆ ಇಷ್ಟೆಲ್ಲ ಪೇಚು ಬರುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಕಾಂಕ್ರೀಟ್ ಮಷಿನ್ನಿನ ಪಕ್ಕ ನಿಂತವನ ಗಂಟಲಿಗೆ ಮೆಲ್ಲಗೆ ಎಂಬುದು ಗೊತ್ತಿಲ್ಲ. ಬುನಾದಿಗೆ ಗೆರೆ ಎಳೆಯುತ್ತಿದ್ದವನು ಒಂದು ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ, ಇನ್ನೊಂದರಲ್ಲಿ ನಕ್ಷೆ ಹಿಡಿದು, ಇಡೀ ಬಡಾವಣೆಗೆ ಕೇಳುವಂತೆ ಕೇಳಿದ: “ಸಾಹೇಬ್ರ, ಮೂಲ್ಯಾಗ ಈ ಸಣ್ಣ ಖೋಲಿ ಯಾತಕ್ರಿ?”

ಶಿವರಾಜ ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಶಹಾಪುರದ ಹೊಸ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟು ಕೊಂಡು, ಎಂಜಿನಿಯರ್ ಪಂಚಶೀಲಾ ಅವರ ಎದುರು ನಾಲ್ಕು ತಿಂಗಳು ಕೂತು ನಕ್ಷೆ ಮಾಡಿಸಿ, ಪರವಾನಗಿ ಪಡೆದಿದ್ದ. ಪಡಸಾಲೆ ಎಲ್ಲಿ, ಅಡುಗೆಮನೆ ಎಲ್ಲಿ ಎಂಬುದರಲ್ಲಿ ಅವನಿಗೆ ಹಟವಿರಲಿಲ್ಲ. ಹಟವಿದ್ದದ್ದು ಈಶಾನ್ಯದ ಎಂಟು ಅಡಿ ಏಳು ಅಡಿಯ ಕೋಣೆಯೊಂದರಲ್ಲಿ. ಅವನಿಗೆ ಹಳೆಯ ರೇಡಿಯೊ ರಿಪೇರಿ ಮಾಡುವ ಹುಚ್ಚು. ಬಾಡಿಗೆ ಮನೆಯಲ್ಲಿ ತಾಯಿ ಗೊಲ್ಲಾಳಮ್ಮನ ತೊಗರಿಬೇಳೆಯೊಳಗೆ ಒಂದು ಸ್ಕ್ರೂ ಸಿಕ್ಕ ದಿನದಿಂದ ಹದಿನಾಲ್ಕು ರೇಡಿಯೊಗಳು ಚೀಲ ಸೇರಿದ್ದವು. ಒಂದು ಮೇಜು, ಒಂದು ಕುರ್ಚಿ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ: ಅಷ್ಟಕ್ಕಾಗಿಯೇ ಅವನು ಮನೆ ಕಟ್ಟಿಸುತ್ತಿದ್ದ ಎಂದರೂ ತಪ್ಪಿಲ್ಲ.

ಇದನ್ನು ಹತ್ತು ಜನರ ಎದುರು ಹೇಳಲು ನಾಚಿ ಅವನು, ಅದು ಹಾಗೇ ಇರಲಿ, ಬೇಕಾಗುತ್ತದೆ ಎಂದ. ಕೆಲಸವಿಲ್ಲದ ಕೋಣೆ ಇದೆ ಎಂಬುದು ತಿಳಿದದ್ದೇ ತಡ, ಬೆಲ್ಲದ ಪೆಂಟೆ ಕಂಡ ಇರುವೆಗಳಂತೆ ಎಲ್ಲರೂ ಆ ಮೂಲೆಗೆ ಬಂದರು.

ಮೊದಲು ಗೊಲ್ಲಾಳಮ್ಮ. ಜೋಳದ ಚೀಲ ಇಡಲು ಜಾಗ ಬೇಡವೇ ಎಂದು ಅಡುಗೆಮನೆಗೆ ಆ ಕೋಣೆಯಿಂದ ಎರಡಡಿ ಕೇಳಿದಳು. ಮುಸ್ತಫಾ ಕಾಲಿನಿಂದ ಗೆರೆ ಅಳಿಸಿ ಹೊಸದು ಎಳೆದ. ಹೆಂಡತಿ ಸುನಿತಾ, ತನ್ನ ಮಹಿಳಾ ಸಂಘದ ಇಪ್ಪತ್ತು ಜನ ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕೇ ಎಂದು ಕೇಳಿ ಒಂದಡಿ ತೆಗೆದುಕೊಂಡಳು. ಎದುರುಮನೆಯ ಜಗದೇವಪ್ಪ ಎರಡು ವರ್ಷದ ಹಿಂದೆ ಸ್ವಂತ ಮನೆ ಕಟ್ಟಿಸಿ, ಅಂದಿನಿಂದ ಬಡಾವಣೆಯ ಎಲ್ಲ ಮನೆಗಳಿಗೂ ಸಲಹೆಗಾರನಾಗಿದ್ದ. ಮೆಟ್ಟಿಲು ಈ ಕಡೆ ತಿರುಗಿದರೆ ಮನೆಯಲ್ಲಿ ಜಗಳ ತಪ್ಪುವುದಿಲ್ಲ ಎಂದು ಅವನು ಮೆಟ್ಟಿಲನ್ನೇ ಆ ಕೋಣೆಯತ್ತ ತಿರುಗಿಸಿಬಿಟ್ಟ. ಹನ್ನೊಂದರ ಬಸ್ಸಿಗೆ ಸುರಪುರದಿಂದ ಬಂದಿಳಿದ ಸುನಿತಾಳ ತಮ್ಮ ಮಹೇಶಕುಮಾರ ಚಹಾ ಕುಡಿಯುವ ಮೊದಲೇ, ಮುಂದೆ ಕಾರು ಬಂದರೆ ಎಲ್ಲಿ ನಿಲ್ಲಿಸುತ್ತೀರಿ ಎಂದ. ಬಾರದ ಕಾರಿಗೂ ಒಂದಡಿ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ನೆಲ ಹಿಟ್ಟು ಚೆಲ್ಲಿದ ಗಿರಣಿಯಂತಾಗಿತ್ತು. ಮುಸ್ತಫಾ ಉಳಿದ ಕೋಣೆಯೊಳಗೆ ನಿಂತು ತೋಳು ಚಾಚಲು ನೋಡಿದ.

“ಒಳಗ ಹೋಗಾಕ ಬರ್ತದ ಸಾಹೇಬ್ರ,” ಎಂದ. “ಹೊರಗ ಬರಬೇಕಂದ್ರ ಹಿಂದಕ್ಕ ನಡೀಬೇಕು.”

ಶಿವರಾಜ ಪಂಚಶೀಲಾರ ಮುಖ ನೋಡಿದ. ಆಕೆ ಬೇವಿನ ನೆರಳಲ್ಲಿ ಕೂತು ನಾಲ್ಕನೆಯ ಬಾರಿ ನಕ್ಷೆ ತಿದ್ದುತ್ತಿದ್ದರು. “ಗೆರಿ ಎಷ್ಟು ಸಲಾನೂ ಅಳಸಬಹುದ್ರಿ,” ಎಂದರು. “ನಾಲ್ಕಕ್ಕ ಜೆಸಿಬಿ ಬರ್ತದ. ತಗ್ಗು ತೋಡಿದ ಮ್ಯಾಲ ನನ್ನ ಕೇಳಬ್ಯಾಡ್ರಿ.”

ಮೂರೂವರೆಗೆ ಜಗದೇವಪ್ಪ ಉಳಿದ ತುಂಡನ್ನೂ ತೋರಿಸಿ, ಅಲ್ಲಿ ಕಸಬರಿಗೆ ಇಡಬಹುದು ಎಂದ. ಶಿವರಾಜನ ತಲೆಗೆ ಬಿಸಿಲಿಗಿಂತ ಹೆಚ್ಚಿನದೇನೋ ಏರಿತು.

“ಅಲ್ಲಿ ಕಸಬರಿಗಿ ಇಡ್ತೀರೇನು? ಅದು ದೇವರ ಖೋಲಿ.”

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಅಚ್ಚರಿಯಾಯಿತು. ಗೊಲ್ಲಾಳಮ್ಮ ಚಪ್ಪಲಿ ಬಿಟ್ಟು ಗೆರೆಯಾಚೆ ಸರಿದು, ಕೆನ್ನೆ ಕೆನ್ನೆ ಬಡಿದುಕೊಂಡು ತನ್ನ ಎರಡಡಿ ಮರಳಿಸಿದಳು. ಸುನಿತಾ ಮರಳಿಸಿದಳು. ಮಹೇಶಕುಮಾರ ಕಾರನ್ನು ಬೀದಿಯಲ್ಲೇ ನಿಲ್ಲಿಸಲು ಒಪ್ಪಿದ. ಜಗದೇವಪ್ಪ ಮೆಟ್ಟಿಲನ್ನು ಹಿಂದಕ್ಕೆ ತಿರುಗಿಸಿದ್ದಲ್ಲದೆ, ಈಶಾನ್ಯ ದೇವರಿಗೆಂದೇ ಇರುವ ಮೂಲೆ, ಮೊದಲೇ ಹೇಳಬಾರದೇ ಎಂದು ಗದರಿದ. ನಕ್ಷೆಯಲ್ಲಿ ಹಾಗೇ ಬರೆಯಲೇ ಎಂದು ಪಂಚಶೀಲಾ ಎರಡು ಸಲ ಕೇಳಿದರು. ಎರಡು ಸಲವೂ ಶಿವರಾಜ ಹೂಂ ಎಂದ. ದೇವರಿಗೆ ಗೋಡೆಯಲ್ಲೊಂದು ಗೂಡು ಸಾಕು, ಮಿಕ್ಕದ್ದೆಲ್ಲ ತನ್ನದು ಎಂದು ಅವನ ಲೆಕ್ಕ.

ನಾಲ್ಕಕ್ಕೆ ಜೆಸಿಬಿ ಬಂತು. ಎರೆಮಣ್ಣು ದಾಟಿ ಗಟ್ಟಿ ನೆಲ ಸಿಗಲು ಆರಡಿ ತೋಡಬೇಕಾಯಿತು. ಬುನಾದಿ ಎದ್ದಿತು, ಗೋಡೆಗಳು ಎದ್ದವು, ಛತ್ತಿಗೆ ಕಾಂಕ್ರೀಟ್ ಬಿತ್ತು, ಇಪ್ಪತ್ತೊಂದು ದಿನ ನೀರು ಕುಡಿಯಿತು. ಗೋಡೆಗಳ ಗಿಲಾವು ಮುಗಿದು ನೆಲಕ್ಕೆ ಕಲ್ಲು ಹಾಸಿದ ಮೇಲೆ, ದೇವರ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ನುಗ್ಗಬಾರದೆಂದು ಗೊಲ್ಲಾಳಮ್ಮ ಅದಕ್ಕೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನು ಯಾರ ಕೈಯೂ ಅಲ್ಲಿಗೆ ಬೀಳುವುದಿಲ್ಲವೆಂದು ಶಿವರಾಜ ಒಳಗೊಳಗೇ ಹಿಗ್ಗಿದ. ಹನ್ನೊಂದನೆಯ ತಿಂಗಳಿಗೆ ಮನೆ ಮುಗಿಯಿತು.

ಹೊಸ ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಅವನು ಎದ್ದವನೇ ಮುಖಕ್ಕೂ ನೀರು ಹಾಕಿಕೊಳ್ಳದೆ ಕೋಣೆಯತ್ತ ನಡೆದ. ಅಷ್ಟು ದಿನ ಬೀಗ ಬಿದ್ದಿದ್ದ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯಿಂದ ಗೋಡೆಗೆ ಮೂರು ಮೆಟ್ಟಿಲ ಕಲ್ಲಿನ ಜಗಲಿ. ಮಹೇಶಕುಮಾರ ಅಕ್ಕನ ಮನೆಗೆ ಕೊಟ್ಟ ಉಡುಗೊರೆ. ಅದರ ಮೇಲೆ ಮನೆಯ ದೇವರು, ತವರಿನ ದೇವರು, ತಮ್ಮ ಮನೆಯಲ್ಲಿ ಜಾಗ ಸಾಲದೆಂದು ನೆರೆಯವರು ತಂದಿಟ್ಟ ದೇವರು. ಉಳಿದ ಎರಡು ಅಡಿಯಲ್ಲಿ ಜಗದೇವಪ್ಪ ಮತ್ತು ನಾಲ್ವರು ಗೋಡೆಗೊರಗಿ, ಒಬ್ಬರ ಮಡಿಲಲ್ಲಿ ಒಬ್ಬರೆಂಬಂತೆ, ತಾಳ ಹಿಡಿದು ಕೂತಿದ್ದರು.

“ಬರ್ರಿ ಶಿವರಾಜ,” ಎಂದ ಜಗದೇವಪ್ಪ. “ಮಂದಿ ಕಾರಿಗಿ ಜಾಗ ಬಿಡ್ತಾರ, ನೀವು ದೇವರಿಗಿ ಬಿಟ್ಟೀರಿ. ಬಡಾವಣಿ ಭಜನಿ ಮಂಡಳಿ ಇಲ್ಲೇ ನಡೀಬೇಕಂತ ಎಲ್ಲಾರೂ ಒಪ್ಯಾರ. ನೀವೇ ಅಧ್ಯಕ್ಷರು.”

ಅಧ್ಯಕ್ಷ ಒಂದು ಕಾಲು ಹೊಸ್ತಿಲ ಒಳಗೆ ಇಟ್ಟ. ಹಿಂದಿನಿಂದ ಸುನಿತಾ ಕೇಳಿದಳು:

“ಜಳಕಾ ಆಗ್ಯಾದೇನ್ರಿ?”

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ.